ನಾನು ಕೆನಡಾದ ಪ್ರಧಾನಿಯಾದರೆ? ಎರಡು ಭಾಷೆಯ ದೇಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಾ ನೀತಿಯ ಮಾತು ಬಂದಾಗಲೆಲ್ಲ ನಾನು ಕೆನಡಾವನ್ನು ಎಳೆದು ತರುತ್ತೇನೆ ಅಂತ ಗೆಳೆಯರಿಗೆಲ್ಲ ಗೊತ್ತು. "ಇಷ್ಟು ಮಾತಾಡ್ತೀಯಲ್ಲ, ಆ ಕುರ್ಚಿ ಮೇಲೆ ನಿನ್ನನ್ನೇ ಕೂರಿಸಿದರೆ ಏನು ಮಾಡ್ತೀಯ?" ಅಂತ ಕೇಳುವವರಿಗೂ ಕಮ್ಮಿ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಪ್ರಶ್ನೆಗಳು ಅವರವು, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಉತ್ತರಗಳಲ್ಲಿ ಪಕ್ಷಪಾತ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಎರಡು ಭಾಷೆಯ ದೇಶಗಳು ಬೇಕಾದಷ್ಟಿವೆ. ಕೆನಡಾನೇ ಯಾಕೆ?

ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ, ಕೆಲವನ್ನು ತಿದ್ದಿಕೊಂಡ ದೇಶ ಅದು. 1867ರ ಸಂವಿಧಾನವೇ ಸಂಸತ್ತಿನಲ್ಲಿ ಇಂಗ್ಲಿಷ್ ಅಥವಾ ಫ್ರೆಂಚ್ ಯಾವುದಾದರೂ ಮಾತಾಡಬಹುದು, ಕಾನೂನುಗಳು ಎರಡರಲ್ಲೂ ಅಚ್ಚಾಗಬೇಕು ಅಂದಿತ್ತು. ಆದರೂ 1890ರಲ್ಲಿ ಮ್ಯಾನಿಟೋಬ ಪ್ರಾಂತ್ಯ ಫ್ರೆಂಚನ್ನು ಸರ್ಕಾರದಿಂದ ಆಚೆ ಹಾಕಿತು. 1912ರಲ್ಲಿ ಒಂಟಾರಿಯೊ ಶಾಲೆಗಳಲ್ಲಿ ಮೊದಲ ಎರಡು ತರಗತಿ ದಾಟಿದ ಮೇಲೆ ಫ್ರೆಂಚಿನಲ್ಲಿ ಪಾಠ ಮಾಡದಂತೆ ಕಡಿವಾಣ ಹಾಕಿತು. 1969ರಲ್ಲಿ ಅಧಿಕೃತ ಭಾಷಾ ಕಾಯ್ದೆ ಬರುವ ತನಕ ಕೇಂದ್ರ ಸರ್ಕಾರದ ಕಚೇರಿಗೆ ಹೋದರೆ ಇಂಗ್ಲಿಷೇ ಗತಿ ಅನ್ನುವ ಪರಿಸ್ಥಿತಿ ದೇಶದ ಬಹುಪಾಲು ಕಡೆ ಇತ್ತು.

2021ರ ಜನಗಣತಿ ಪ್ರಕಾರ ಈ ಎರಡರಲ್ಲಿ ಇಂಗ್ಲಿಷನ್ನೇ ಮೊದಲಾಗಿ ಬಳಸುವವರು ಶೇ 75ಕ್ಕಿಂತ ಸ್ವಲ್ಪ ಜಾಸ್ತಿ, ಫ್ರೆಂಚನ್ನು ಬಳಸುವವರು ಶೇ 21.4. ಐದು ವರ್ಷದ ಹಿಂದೆ ಈ ಎರಡನೇ ಅಂಕಿ ಶೇ 22.2 ಇತ್ತು. ಅಂದರೆ ಇಷ್ಟೆಲ್ಲ ಕಾನೂನಿದ್ದೂ ಫ್ರೆಂಚಿನ ಪಾಲು ಕರಗುತ್ತಿದೆ. ನಾನು ಕುರ್ಚಿ ಮೇಲೆ ಕೂತ ದಿನ ಮೇಜಿನ ಮೇಲೆ ಇರುವ ಮೊದಲ ಕಾಗದ ಇದೇ.

ದ್ವಿಭಾಷಾ ದೇಶ ಅಂದರೆ ಎಲ್ಲರಿಗೂ ಎರಡೂ ಭಾಷೆ ಬರಬೇಕು, ಅಲ್ವಾ? ಕಡ್ಡಾಯ ಮಾಡ್ತೀರಾ?

ಇಲ್ಲ. ನನ್ನ ಇಡೀ ನೀತಿ ನಿಂತಿರುವುದು ಈ "ಇಲ್ಲ" ಅನ್ನುವುದರ ಮೇಲೆ.

ಕೆನಡಾದಲ್ಲಿ ಎರಡೂ ಭಾಷೆ ಬರುವವರು ಶೇ 18 ಮಾತ್ರ. ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಪ್ರಾಂತ್ಯವಾದ ಕ್ವಿಬೆಕ್‌ನಲ್ಲಿ ಶೇ 46.4, ಉಳಿದ ಕಡೆ ಎಲ್ಲ ಸೇರಿಸಿದರೂ ಶೇ 9.5. ಈ ಅಂಕಿ ತೋರಿಸಿ "ನೋಡಿ, ದ್ವಿಭಾಷೆ ಸೋತಿದೆ" ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ದೇಶಕ್ಕೆ ಎರಡು ಭಾಷೆ ಇದೆ ಅಂದರೆ ಸರ್ಕಾರಕ್ಕೆ ಎರಡು ಭಾಷೆ ಬರಬೇಕು ಅಂತ ಅರ್ಥ. ಒಂದೇ ಭಾಷೆ ಗೊತ್ತಿರುವ ರೈತ, ಒಂದೇ ಭಾಷೆ ಗೊತ್ತಿರುವ ಅಜ್ಜಿ ತಮ್ಮ ಪಾಡಿಗೆ ತಾವು ಬದುಕಲಿ ಅಂತಲೇ ಸರ್ಕಾರ ಎರಡು ನಾಲಿಗೆ ಇಟ್ಟುಕೊಳ್ಳುವುದು. ಭಾರ ಹೊರಬೇಕಾದವನು ಸಂಬಳ ತಗೊಳ್ಳುವವನು, ತೆರಿಗೆ ಕಟ್ಟುವವನಲ್ಲ.

ಫಿನ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಫಿನ್ನಿಷ್ ಮಕ್ಕಳೆಲ್ಲ ಶಾಲೆಯಲ್ಲಿ ಸ್ವೀಡಿಷ್ ಕಲಿಯಲೇಬೇಕು. ಮಕ್ಕಳು ಅದಕ್ಕೆ ಇಟ್ಟಿರುವ ಅಡ್ಡಹೆಸರೇ "ಬಲವಂತದ ಸ್ವೀಡಿಷ್". ಬಲವಂತಕ್ಕೆ ಕಲಿತ ಭಾಷೆ ಪರೀಕ್ಷೆಯ ಮಾರನೇ ದಿನ ಮರೆತುಹೋಗುತ್ತದೆ, ಸಿಟ್ಟು ಮಾತ್ರ ಉಳಿಯುತ್ತದೆ. ಕಲಿಯಬೇಕು ಅನ್ನುವವರಿಗೆ ಬಾಗಿಲು ಅಗಲ ಮಾಡುತ್ತೇನೆ, ದಬ್ಬುವುದಿಲ್ಲ.

ಸರಿ, ಸರ್ಕಾರಕ್ಕೆ ಎರಡು ಭಾಷೆ ಅಂದ್ರಿ. ಕೌಂಟರ್‌ನಲ್ಲಿ ಅದು ಹೇಗೆ ಕಾಣುತ್ತೆ?

ರಾಜಧಾನಿ ಒಟ್ಟಾವದ ಯಾವುದಾದರೂ ಕೇಂದ್ರ ಸರ್ಕಾರಿ ಕಚೇರಿಗೆ ಹೋಗಿ. ಪಾಸ್‌ಪೋರ್ಟ್ ಕೌಂಟರ್ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಸರದಿ ಬಂದಾಗ ಆ ಕಡೆ ಕೂತವರು "ಹಲೋ, ಬೊಂಜೂರ್" ಅನ್ನುತ್ತಾರೆ. ನೀವು ಹಲೋ ಅಂದರೆ ಮುಂದಿನದೆಲ್ಲ ಇಂಗ್ಲಿಷ್, ಬೊಂಜೂರ್ ಅಂದರೆ ಫ್ರೆಂಚ್. ನೀವು ಕೇಳುವ ಮೊದಲೇ ಅವರು ಎರಡನ್ನೂ ಮುಂದಿಡಬೇಕು ಅನ್ನುವುದು ಕಾನೂನು. "ಫ್ರೆಂಚ್ ಬರುತ್ತಾ ಸರ್?" ಅಂತ ತಗ್ಗಿದ ದನಿಯಲ್ಲಿ ಕೇಳುವ ಪಾಡು ಬರಬಾರದು. ಹಾಗೆ ಕೇಳಬೇಕಾದರೆ ಹತ್ತರಲ್ಲಿ ಎಂಟು ಜನ ಕೇಳುವುದೇ ಇಲ್ಲ, ಸುಮ್ನೆ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೆಲಸ ಮುಗಿಸಿಕೊಂಡು ಹೋಗುತ್ತಾರೆ ಅನ್ನುವುದು ನನ್ನ ಅಂದಾಜು. ಆಮೇಲೆ "ಫ್ರೆಂಚಿಗೆ ಬೇಡಿಕೆನೇ ಇಲ್ಲ" ಅಂತ ವರದಿ ಬರೆಯುವುದು ಸುಲಭ.

ಇದರ ಹಿಂದೆ ಇನ್ನೊಂದು ಏರ್ಪಾಡಿದೆ, ನನಗೆ ತುಂಬ ಹಿಡಿಸಿದ್ದು. ಅಲ್ಲಿ ಭಾಷೆಯ ಷರತ್ತು ಇರುವುದು ಹುದ್ದೆಗೆ. ಈ ಹುದ್ದೆಗೆ ಎರಡೂ ಬೇಕು, ಆ ಹುದ್ದೆಗೆ ಇಂಗ್ಲಿಷ್ ಸಾಕು, ಇನ್ನೊಂದಕ್ಕೆ ಫ್ರೆಂಚ್ ಸಾಕು ಅಂತ ಮೊದಲೇ ಬರೆದಿರುತ್ತದೆ. ಓದುವುದು, ಬರೆಯುವುದು, ಮಾತಾಡುವುದು ಎಷ್ಟು ಬರಬೇಕು ಅನ್ನುವುದಕ್ಕೂ ಎ, ಬಿ, ಸಿ ಅಂತ ಮಟ್ಟಗಳಿವೆ. ಕೇಂದ್ರದ ಹುದ್ದೆಗಳಲ್ಲಿ ಎರಡೂ ಭಾಷೆ ಬೇಕಾದವು ಹತ್ತರಲ್ಲಿ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದವರು ಒಂದೇ ಭಾಷೆಯಲ್ಲಿ ನಿವೃತ್ತರಾಗಬಹುದು.

ಅಧಿಕಾರಕ್ಕೆ ಬಂದ ಮೇಲೆ ಮೊದಲು ಕೈ ಹಾಕುವ ಕೆಲಸ ಯಾವುದು?

ಶಾಲೆ. ಕ್ವಿಬೆಕ್ ಆಚೆಗಿನ ಫ್ರೆಂಚ್ ಶಾಲೆ.

ಬೋರ್ಡು, ಪೊಟ್ಟಣ, ಫಾರಂ ಎಲ್ಲ ಎರಡು ಭಾಷೆಯಲ್ಲಿದ್ದೂ ಮಗು ಇಂಗ್ಲಿಷ್ ಶಾಲೆಗೆ ಹೋದರೆ ಆ ಮನೆಯಲ್ಲಿ ಫ್ರೆಂಚ್ ಮುಂದಿನ ತಲೆಮಾರಿಗೆ ಮುಗಿಯಿತು. 1982ರ ಹಕ್ಕುಗಳ ಸನ್ನದಿನ 23ನೇ ವಿಧಿ ಇದಕ್ಕಾಗಿಯೇ ಇದೆ. ಅಲ್ಪಸಂಖ್ಯಾತ ಭಾಷೆಯ ತಂದೆ ತಾಯಿಗೆ ತಮ್ಮ ಭಾಷೆಯ ಶಾಲೆಯ ಹಕ್ಕಿದೆ, ಆದರೆ ಮಕ್ಕಳ ಸಂಖ್ಯೆ ಅಷ್ಟಿರಬೇಕು. ಪ್ರಾಂತ್ಯಗಳು ಆಟ ಆಡುವುದು ಈ "ಸಂಖ್ಯೆ"ಯ ಮೇಲೆ.

ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಮ್ಮರ್‌ಸೈಡ್ ಊರಿನ ಕತೆ ನೋಡಿ. ಅಲ್ಲಿನ ಫ್ರೆಂಚ್ ತಂದೆ ತಾಯಿ ತಮ್ಮ ಊರಲ್ಲೇ ಒಂದು ಪ್ರಾಥಮಿಕ ಶಾಲೆ ಕೇಳಿದರು. ಬಸ್ಸು ಕೊಡುತ್ತೇವೆ, ಬೇರೆ ಊರಿನಲ್ಲಿರುವ ಫ್ರೆಂಚ್ ಶಾಲೆಗೆ ಕಳಿಸಿ ಅಂದಿತು ಸರ್ಕಾರ. ಆರೇಳು ವರ್ಷದ ಮಗುವನ್ನು ದಿನಾ ಅಷ್ಟು ದೂರ ಕಳಿಸಲು ಯಾರಿಗೆ ಮನಸ್ಸು ಬರುತ್ತದೆ? ಪಕ್ಕದ ಬೀದಿಯಲ್ಲೇ ಇಂಗ್ಲಿಷ್ ಶಾಲೆ ಇರುವಾಗ? ಸುಪ್ರೀಂ ಕೋರ್ಟ್ 2000ದಲ್ಲಿ ಸರ್ಕಾರದ ವಾದ ತಳ್ಳಿಹಾಕಿತು. ಇವತ್ತು ಎಷ್ಟು ಮಕ್ಕಳು ಹೆಸರು ಕೊಟ್ಟಿದ್ದಾರೆ ಅನ್ನುವುದಷ್ಟೇ ಲೆಕ್ಕ ಅಲ್ಲ, ಶಾಲೆ ಇದ್ದರೆ ಎಷ್ಟು ಮಕ್ಕಳು ಬರಬಹುದು ಅನ್ನುವುದನ್ನೂ ನೋಡಬೇಕು ಅಂದಿತು. ಅಲ್ಲಿನ ಸಂಖ್ಯೆ 49ರಿಂದ 155ರ ನಡುವೆ ಎಲ್ಲೋ ಇತ್ತು. ನಮ್ಮ ಕಡೆಯ ಒಂದು ಹಳ್ಳಿ ಶಾಲೆಯಷ್ಟು.

ಕಾನೂನು ಒಳ್ಳೆಯದೇ ಇದೆ. ಆದರೆ ಅದನ್ನು ಪಡೆಯಲು ಕೋರ್ಟಿಗೆ ಹೋಗಬೇಕು. ಬ್ರಿಟಿಷ್ ಕೊಲಂಬಿಯಾದ ಫ್ರೆಂಚ್ ಶಾಲಾ ಮಂಡಳಿ 2010ರಲ್ಲಿ ಹಾಕಿದ ಕೇಸಿಗೆ ಕೊನೆಯ ತೀರ್ಪು ಬಂದಿದ್ದು 2020ರಲ್ಲಿ. ಗೆದ್ದರು. ಆದರೆ ಕೇಸು ಹಾಕಿದಾಗ ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಹನ್ನೊಂದನೇ ತರಗತಿ!

ಅದಕ್ಕೇ ನನ್ನ ಮೊದಲ ಮೂರು ಆದೇಶಗಳು ಹೀಗಿರುತ್ತವೆ. ಹಕ್ಕಿರುವ ಮಕ್ಕಳು ಯಾವ ಬೀದಿಯಲ್ಲಿ ಎಷ್ಟಿದ್ದಾರೆ ಅನ್ನುವ ಜನಗಣತಿಯ ಲೆಕ್ಕ (2021ರಲ್ಲಿ ಮೊದಲ ಸಲ ಇದನ್ನು ಕೇಳಿದರು) ಶಾಲಾ ಮಂಡಳಿಗಳ ಕೈಗೆ ಹೋಗಬೇಕು. ಕೇಂದ್ರ ಸರ್ಕಾರ ತನಗೆ ಬೇಡವಾದ ಜಾಗ ಮಾರುವಾಗ ಆ ಊರಿನ ಅಲ್ಪಸಂಖ್ಯಾತ ಭಾಷೆಯ ಶಾಲಾ ಮಂಡಳಿಯನ್ನು ಮೊದಲು ಕೇಳಬೇಕು. ಮೂರನೆಯದು ಶಿಶುವಿಹಾರ. ಫ್ರೆಂಚ್ ಶಿಶುವಿಹಾರದಲ್ಲಿ ಸೀಟು ಸಿಗದೆ ಇಂಗ್ಲಿಷ್ ಕಡೆಗೆ ಹೋದ ಮಗು ಐದನೇ ವರ್ಷಕ್ಕೆ ಫ್ರೆಂಚ್ ಶಾಲೆಗೆ ವಾಪಸ್ ಬರುವುದು ಕಷ್ಟ, ಗೆಳೆಯರೆಲ್ಲ ಆ ಕಡೆ ಇರುತ್ತಾರೆ. ಹಾಗಾಗಿ ಹಣ ಮೊದಲು ಅಲ್ಲಿಗೆ.

ಶಾಲೆ ಪ್ರಾಂತ್ಯಗಳ ಕೈಯಲ್ಲಿದೆ. ಪ್ರಧಾನಿ ಏನು ಮಾಡಲು ಸಾಧ್ಯ?

ಹಣ ಕೊಡಬಹುದು, ಕೇಸು ಹಾಕುವವರಿಗೆ ಬೆನ್ನಾಗಿ ನಿಲ್ಲಬಹುದು. ಇವೆರಡೇ.

ಭಾಷಾ ಹಕ್ಕಿನ ಕೇಸುಗಳಿಗೆ ನೆರವು ಕೊಡುವ ಒಂದು ಯೋಜನೆ 1978ರಿಂದ ಇದೆ. 1992ರಲ್ಲಿ ಒಂದು ಸರ್ಕಾರ ಅದನ್ನು ನಿಲ್ಲಿಸಿತು, 1994ರಲ್ಲಿ ಇನ್ನೊಂದು ಶುರು ಮಾಡಿತು. 2006ರಲ್ಲಿ ಮತ್ತೆ ನಿಂತಿತು, ಆಮೇಲೆ ಅರೆಬರೆ ಬಂತು, 2017ರಲ್ಲಿ ಪೂರ್ತಿ ಬಂತು. ಬಡಪಾಯಿ ತಂದೆ ತಾಯಿ ಯಾವ ಪಕ್ಷ ಗೆದ್ದಿದೆ ಅಂತ ನೋಡಿಕೊಂಡು ಕೇಸು ಹಾಕಬೇಕೇ? ಇದರ ದುಡ್ಡು ಇಂತಿಷ್ಟು ಅಂತ ಕಾಯ್ದೆಯಲ್ಲೇ ಬರೆದು, ಮುಂದಿನ ಸರ್ಕಾರ ಕೈ ಹಾಕಬೇಕಾದರೆ ಸಂಸತ್ತಿನಲ್ಲಿ ಎಲ್ಲರೆದುರು ಮತ ಹಾಕುವಂತೆ ಮಾಡುತ್ತೇನೆ.

ಪ್ರಾಂತ್ಯಕ್ಕೆ ಕೊಡುವ ಹಣಕ್ಕೂ ಒಂದೇ ಷರತ್ತು. ಯಾವ ಶಾಲೆಗೆ ಎಷ್ಟು ಹೋಯಿತು ಅನ್ನುವ ಲೆಕ್ಕವನ್ನು ಯಾರು ಬೇಕಾದರೂ ನೋಡುವ ಹಾಗೆ ಇಡಬೇಕು.

ಒಬ್ಬ ಸಾಮಾನ್ಯ ಮನುಷ್ಯ ಕೇಸು ಹಾಕಿ ಏನಾದರೂ ಬದಲಾಗಿದೆಯಾ?

ಇದಕ್ಕೆ ನನ್ನ ಹತ್ತಿರ ಇರುವ ಒಳ್ಳೇ ಉತ್ತರ ಒಂದು ಪಾರ್ಕಿಂಗ್ ಚೀಟಿ.

1976ರಲ್ಲಿ ಮ್ಯಾನಿಟೋಬದ ವಿನಿಪೆಗ್‌ನ ಸೇಂಟ್ ಬೋನಿಫೇಸ್ ಭಾಗದ ಜಾರ್ಜ್ ಫಾರೆಸ್ಟ್ ಅನ್ನುವವರ ಗಾಡಿಗೆ ದಂಡದ ಚೀಟಿ ಬಿತ್ತು. ಬರೀ ಇಂಗ್ಲಿಷಿನಲ್ಲಿತ್ತು. ಚೀಟಿ ಫ್ರೆಂಚಿನಲ್ಲೂ ಇರಬೇಕು ಅಂತ ಪಟ್ಟು ಹಿಡಿದು ಅವರು ಕೋರ್ಟಿಗೆ ಹೋದರು. 1979ರಲ್ಲಿ ಸುಪ್ರೀಂ ಕೋರ್ಟ್, ಮ್ಯಾನಿಟೋಬ 1890ರಲ್ಲಿ ಮಾಡಿದ್ದ ಇಂಗ್ಲಿಷ್ ಮಾತ್ರ ಅನ್ನುವ ಕಾನೂನನ್ನೇ ಹೊಡೆದುಹಾಕಿತು. 1985ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷಿನಲ್ಲಿ ಮಾತ್ರ ಮಾಡಿದ ಪ್ರಾಂತ್ಯದ ಕಾನೂನುಗಳೆಲ್ಲ ಅಸಿಂಧು ಅಂದಿತು. ಹಾಗಂತ ಅವತ್ತೇ ಎಲ್ಲವೂ ಬಿದ್ದುಹೋದರೆ ಪ್ರಾಂತ್ಯದಲ್ಲಿ ಕಾನೂನೇ ಇರಲ್ಲ ಅಲ್ವಾ? ಅದಕ್ಕೆ ಅನುವಾದ ಮುಗಿಯುವ ತನಕ ಅವು ತಾತ್ಕಾಲಿಕವಾಗಿ ನಡೆಯಲಿ ಅಂತ ಅವಕಾಶ ಕೊಟ್ಟಿತು. ಸುಮಾರು 90 ವರ್ಷದ ಕಾನೂನು ಪುಸ್ತಕಗಳನ್ನು ಕೂತು ಫ್ರೆಂಚಿಗೆ ತರಬೇಕಾಯಿತು.

ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಆಮೇಲೆ ಅನುವಾದ ಮಾಡಿಸಿದರೆ ಸಾಲದೇ? ಈಗ ಯಂತ್ರವೇ ಮಾಡುತ್ತೆ.

ಕಚೇರಿಯ ಒಳಗಿನ ಟಿಪ್ಪಣಿ, ಸಭೆಯ ವರದಿ ಇಂಥದ್ದಕ್ಕೆ ಯಂತ್ರ ಧಾರಾಳ ಸಾಕು, ನಾನೂ ಬಳಸುತ್ತೇನೆ. ಕಾನೂನಿಗೆ ಸಾಲದು.

ಕೆನಡಾದ ಕೇಂದ್ರ ಕಾನೂನುಗಳನ್ನು 1970ರ ದಶಕದ ಕೊನೆಯಿಂದ ಅನುವಾದ ಮಾಡುವುದಿಲ್ಲ. ಇಬ್ಬರು ಕರಡುಗಾರರು, ಒಬ್ಬರು ಇಂಗ್ಲಿಷಿನವರು, ಒಬ್ಬರು ಫ್ರೆಂಚಿನವರು, ಅಕ್ಕಪಕ್ಕ ಕೂತು ಒಟ್ಟಿಗೆ ಬರೆಯುತ್ತಾರೆ. ಎರಡೂ ಮೂಲವೇ. ಒಂದರಲ್ಲಿ ಅರ್ಥ ಗೊಂದಲ ಇದ್ದರೆ ನ್ಯಾಯಾಧೀಶರು ಇನ್ನೊಂದನ್ನು ತೆಗೆದು ನೋಡುತ್ತಾರೆ. ಬರೆಯುವಾಗಲೇ ಫ್ರೆಂಚಿನವರು "ಈ ವಾಕ್ಯ ಯಾವ ಕಡೆಗೂ ವಾಲುತ್ತೆ" ಅಂತ ಹಿಡಿದುಬಿಟ್ಟರೆ ಇಂಗ್ಲಿಷ್ ವಾಕ್ಯವೂ ನೆಟ್ಟಗಾಗುತ್ತದೆ.

ಇದರ ಬೆಲೆ ತಿಳಿಯಬೇಕಾದರೆ ರಾಜರ್ಸ್ ಮತ್ತು ಅಲಿಯಂಟ್ ಕಂಪನಿಗಳ ಜಗಳ ನೋಡಬೇಕು. ಕಂಬಗಳ ಮೇಲೆ ಕೇಬಲ್ ಎಳೆಯುವ ಒಪ್ಪಂದ. ಐದು ವರ್ಷ ಮುಗಿಯುವ ಮೊದಲೇ ಅಲಿಯಂಟ್ ಒಪ್ಪಂದ ಮುರಿಯಬಹುದೋ ಇಲ್ಲವೋ ಅನ್ನುವುದು ಒಂದು ಅಲ್ಪವಿರಾಮದ ಮೇಲೆ ನಿಂತಿತು. 2006ರಲ್ಲಿ ದೂರಸಂಪರ್ಕ ನಿಯಂತ್ರಣ ಮಂಡಳಿ ಇಂಗ್ಲಿಷ್ ಪ್ರತಿಯ ಆ ಅಲ್ಪವಿರಾಮ ನೋಡಿ ಮುರಿಯಬಹುದು ಅಂದಿತು. ರಾಜರ್ಸ್‌ನವರು ಅದೇ ಮಾದರಿ ಒಪ್ಪಂದದ ಫ್ರೆಂಚ್ ಪ್ರತಿಯನ್ನು ತಂದು ಮುಂದಿಟ್ಟರು. ಅದರಲ್ಲಿ ಗೊಂದಲವೇ ಇರಲಿಲ್ಲ. ಮಾರನೇ ವರ್ಷ ಮಂಡಳಿ ತನ್ನ ಮಾತು ಬದಲಿಸಿತು.

ಕ್ವಿಬೆಕ್‌ನವರು ಇಂಗ್ಲಿಷನ್ನು ತುಳಿಯುತ್ತಿದ್ದಾರಲ್ಲ? ಅವರ 101ನೇ ಕಾನೂನು ರದ್ದು ಮಾಡ್ತೀರಾ?

ಮುಟ್ಟುವುದಿಲ್ಲ. ಇಲ್ಲಿ ಬಹಳ ಜನ ನನ್ನ ಮೇಲೆ ಸಿಟ್ಟಾಗುತ್ತಾರೆ.

ಫ್ರೆಂಚನ್ನು ಕಾಪಾಡಲು ಕ್ವಿಬೆಕ್ 1977ರಲ್ಲಿ ಮಾಡಿದ ಆ ಕಾನೂನಿನ ತಿರುಳು ಶಾಲೆಯೇ. ಅದಕ್ಕೆ ಮೊದಲು ಪ್ರಾಂತ್ಯದ ದೊಡ್ಡ ಊರಾದ ಮಾಂಟ್ರಿಯಲ್‌ಗೆ ವಲಸೆ ಬಂದವರಲ್ಲಿ ಹೆಚ್ಚಿನವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದರು. ಹಾಗೇ ಬಿಟ್ಟಿದ್ದರೆ ಒಂದೆರಡು ತಲೆಮಾರಿನಲ್ಲಿ ಊರೇ ಇಂಗ್ಲಿಷಿನ ಕಡೆಗೆ ಮಗುಚಿಕೊಳ್ಳುತ್ತಿತ್ತು. ಈಗ ಅಲ್ಲಿ ನೆಲೆಸಲು ಹೋದ ಕನ್ನಡದ ಕುಟುಂಬದ ಮಗುವೂ ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಅಪ್ಪ ಅಥವಾ ಅಮ್ಮ ಕೆನಡಾದಲ್ಲೇ ಇಂಗ್ಲಿಷಿನಲ್ಲಿ ಪ್ರಾಥಮಿಕ ಶಾಲೆ ಓದಿದ್ದರೆ ಆ ಮಾತು ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಫ್ರೆಂಚ್, ಟಿವಿ ಮತ್ತು ಬೀದಿಯಿಂದ ಇಂಗ್ಲಿಷ್. ಅಂಥ ಮಕ್ಕಳು ಮೂರನ್ನೂ ಕಲಿಯುತ್ತಾರೆ. ಇಂಗ್ಲಿಷಿಗೆ ಯಾರೂ ಕಾವಲು ಕೂರಬೇಕಿಲ್ಲ, ಅದು ತಾನಾಗಿಯೇ ಬರುತ್ತದೆ.

ಎರಡು ಭಾಷೆಗೂ ಒಂದೇ ತಕ್ಕಡಿ ಹಿಡಿಯಬೇಕು ಅನ್ನುವುದು ಕೇಳಲು ನ್ಯಾಯ ಅನ್ನಿಸುತ್ತದೆ. ಆದರೆ ಒಂದರ ಹಿಂದೆ ಇಡೀ ಅಮೆರಿಕ ನಿಂತಿದೆ. 2023ರ ಹೊಸ ಭಾಷಾ ಕಾಯ್ದೆ ಈ ಮಾತನ್ನು ಒಪ್ಪಿಕೊಂಡು, ಉತ್ತರ ಅಮೆರಿಕದಲ್ಲಿ ಫ್ರೆಂಚ್ ಅಲ್ಪಸಂಖ್ಯಾತ ಭಾಷೆ ಅಂತ ನೇರವಾಗಿ ಬರೆದಿದೆ. ಅದು ಸರಿ.

ಕ್ವಿಬೆಕ್‌ಗೆ ನಾನು ಜಗಳ ಕೊಡುವುದು ಆಸ್ಪತ್ರೆಯ ವಿಷಯದಲ್ಲಿ ಮಾತ್ರ. ನೋವು ಎಲ್ಲಿದೆ ಅಂತ ಹೇಳಲು ಅಜ್ಜಿಗೆ ಅವಳ ಭಾಷೆ ಬೇಕು. ಅದು ಮಾಂಟ್ರಿಯಲ್‌ನ ಇಂಗ್ಲಿಷ್ ಅಜ್ಜಿಯಾದರೂ ಅಷ್ಟೇ, ವಿನಿಪೆಗ್‌ನ ಫ್ರೆಂಚ್ ಅಜ್ಜಿಯಾದರೂ ಅಷ್ಟೇ. ಆರೋಗ್ಯಕ್ಕೆ ಕೇಂದ್ರ ಕೊಡುವ ಹಣದಲ್ಲಿ ಒಂದು ಪಾಲು ಇದಕ್ಕೇ ಅಂತ ಎತ್ತಿಡುತ್ತೇನೆ.

"ಬೊಂಜೂರ್-ಹಾಯ್" ಗಲಾಟೆ ಏನದು?

ಮಾಂಟ್ರಿಯಲ್‌ನ ಅಂಗಡಿಗಳಲ್ಲಿ ಗಿರಾಕಿಗೆ ಹಾಗೆ ಹೇಳುವ ರೂಢಿ ಬೆಳೆದಿದೆ. 2017ರಲ್ಲಿ ಕ್ವಿಬೆಕ್ ವಿಧಾನಸಭೆ, ಬರೀ ಬೊಂಜೂರ್ ಅನ್ನಿ ಅಂತ ಅಂಗಡಿಯವರನ್ನು ಕೋರುವ ನಿರ್ಣಯವನ್ನು ಅವಿರೋಧವಾಗಿ ಪಾಸು ಮಾಡಿತು. ಶಾಸಕರಿಗೆ ಬೇರೆ ಕೆಲಸ ಇರಲಿಲ್ಲವೇನೋ. ಅಂಗಡಿ ಸರ್ಕಾರವಲ್ಲ, ಅಲ್ಲಿ ಏನು ಅನ್ನಬೇಕು ಅಂತ ನಾನು ಹೇಳಲು ಹೋಗಲ್ಲ. ಇನ್ನು "ನಿಲ್ಲಿ" ಅನ್ನುವ ರಸ್ತೆ ಫಲಕದ ಕತೆ. ಒಟ್ಟಾವದಿಂದ ಸೇತುವೆ ದಾಟಿ ಕ್ವಿಬೆಕ್ ಕಡೆಯ ಗಾಟಿನೋಗೆ ಹೋದರೆ ಅದು ಫ್ರೆಂಚಿನ "ಅರೆ" ಆಗುತ್ತದೆ. ಫ್ರಾನ್ಸಿನಲ್ಲೇ ಅದು ಸ್ಟಾಪ್!

ಏರ್ ಕೆನಡಾ ಖಾಸಗಿ ಕಂಪನಿ. ಅದಕ್ಕೂ ಭಾಷಾ ಕಾನೂನು ಯಾಕೆ?

1988ರಲ್ಲಿ ಮಾರುವಾಗಲೇ ಹಾಕಿದ ಷರತ್ತು ಅದು. ಸರ್ಕಾರದ ದುಡ್ಡಿನಲ್ಲಿ ಬೆಳೆದ ಕಂಪನಿ, ಭಾಷೆಯ ಹೊಣೆಯನ್ನೂ ಜೊತೆಗೇ ತಗೊಂಡು ಹೋಗಲಿ ಅಂದರು. ಒಬ್ಬ ಪ್ರಯಾಣಿಕರು ಫ್ರೆಂಚಿನಲ್ಲಿ 7-ಅಪ್ ಕೇಳಿದರೆ ಸ್ಪ್ರೈಟ್ ಬಂತು. ಇಂಥ ದೂರುಗಳಿದ್ದ ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. ಹಕ್ಕು ಮುರಿದದ್ದು ನಿಜ, ಆದರೆ ಅಂತರರಾಷ್ಟ್ರೀಯ ವಿಮಾನದಲ್ಲಿ ಅದಕ್ಕೆ ಪರಿಹಾರದ ಹಣ ಕೊಡಲಾಗದು ಅಂತ 2014ರಲ್ಲಿ ತೀರ್ಪಾಯಿತು. ಪಾನೀಯದ ವಿಷಯ ಅಂತ ನಗಬಹುದು. ಆದರೆ ಅದೇ ವಿಮಾನದಲ್ಲಿ ಹೊಗೆ ಕಾಣಿಸಿಕೊಂಡಾಗ ಸೂಚನೆ ಯಾವ ಭಾಷೆಯಲ್ಲಿ ಬರುತ್ತದೆ ಅನ್ನುವುದು ನಗುವ ವಿಷಯವಲ್ಲ.

ದೇಶದೊಳಗೆ ಜನರನ್ನು ಸಾಗಿಸುವ ಎಲ್ಲ ವಿಮಾನ ಕಂಪನಿಗಳಿಗೂ ಸುರಕ್ಷತೆ ಮತ್ತು ಟಿಕೆಟ್ ವಿಷಯದಲ್ಲಿ ಒಂದೇ ನಿಯಮ ತರುತ್ತೇನೆ. ಒಂದೇ ಕಂಪನಿಯನ್ನು ಕಟ್ಟಿಹಾಕಿ ಉಳಿದವರನ್ನು ಬಿಡುವುದು ಯಾವ ನ್ಯಾಯ?

ನಿಮಗೆ ಫ್ರೆಂಚ್ ಬರುತ್ತಾ? ಪ್ರಧಾನಿಗೆ ಬರಲೇಬೇಕಾ?

ನನ್ನದು ಓದಲು ಸಾಕಾಗುವ ಫ್ರೆಂಚ್. ಚರ್ಚೆಯಲ್ಲಿ ನಿಂತರೆ ಎರಡೇ ನಿಮಿಷ.

ಇದು ನಮ್ಮವರಿಗೆ ಸ್ವಲ್ಪ ಹತ್ತಿರದ ವಿಷಯ. ಶಿರಾ ತಾಲ್ಲೂಕಿನ ಮೂಲದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ಇಲ್ಲಿ ಎಲ್ಲರ ಫೋನಿಗೂ ಆ ವಿಡಿಯೊ ಬಂದಿತ್ತು. ಅವರೇ 2025ರ ಜನವರಿಯಲ್ಲಿ ಲಿಬರಲ್ ಪಕ್ಷದ ನಾಯಕತ್ವಕ್ಕೆ, ಅಂದರೆ ಪ್ರಧಾನಿ ಹುದ್ದೆಗೆ, ಇಳಿಯುತ್ತೇನೆ ಅಂದರು. ಫ್ರೆಂಚ್ ಬರುತ್ತಾ ಅಂತ ಪತ್ರಕರ್ತರು ಕೇಳಿದರು. ಬರಲ್ಲ, ಅದೇನೂ ದೊಡ್ಡ ವಿಷಯವಲ್ಲ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಸಾಕಷ್ಟು ಟೀಕೆ ಬಂತು. ಪಕ್ಷ ಅವರನ್ನು ಸ್ಪರ್ಧೆಗೇ ಬಿಡಲಿಲ್ಲ. ಗೆದ್ದು ಬಂದ ಮಾರ್ಕ್ ಕಾರ್ನಿ ಚುನಾವಣೆಗೆ ನಿಂತಿದ್ದು ಆರ್ಯ ಅವರದ್ದೇ ಆಗಿದ್ದ ನೀಪಿಯನ್ ಕ್ಷೇತ್ರದಲ್ಲಿ. ಕಾರ್ನಿಯವರ ಫ್ರೆಂಚ್ ಕುಂಟುತ್ತದೆ ಅನ್ನುವ ಮಾತೂ ಕೇಳಿಬಂತು, ಆದರೂ ಅವರು ಎದುರು ನಿಂತು ಆ ಭಾಷೆಯಲ್ಲೇ ಚರ್ಚೆ ಮಾಡಿದರು.

ನನ್ನ ನಿಲುವು: ಪ್ರಧಾನಿಗೆ ಫ್ರೆಂಚ್ ಬರಬೇಕು ಅಂತ ಕಾನೂನು ಬೇಡ, ಅದನ್ನು ಮತದಾರರು ನೋಡಿಕೊಳ್ಳುತ್ತಾರೆ. ಆದರೆ ಬರದೇ ಇರುವುದು ದೊಡ್ಡ ವಿಷಯವೇ. ಐದರಲ್ಲಿ ಒಬ್ಬ ಪ್ರಜೆಯ ಜೊತೆ ನೇರ ಮಾತಾಡಲಾಗದವನು ಆ ಕೆಲಸಕ್ಕೆ ಅರ್ಧ ಮಾತ್ರ ತಯಾರಾಗಿದ್ದಾನೆ. ಸುಪ್ರೀಂ ಕೋರ್ಟಿನ ಮಾತು ಬೇರೆ. ಅಲ್ಲಿನ ನ್ಯಾಯಪೀಠಕ್ಕೆ ದುಭಾಷಿ ಇಲ್ಲದೆ ಎರಡೂ ಭಾಷೆ ಅರ್ಥವಾಗಬೇಕು ಅಂತ 2023ರಲ್ಲಿ ಕಾನೂನೇ ಆಗಿದೆ. ಅದನ್ನು ಉಳಿಸಿಕೊಳ್ಳುತ್ತೇನೆ.

ಅಣ್ಣ, ಫ್ರೆಂಚ್ ಕಲಿತರೆ ಪಿಆರ್ ಬೇಗ ಸಿಗುತ್ತಂತೆ, ಹೌದಾ? ನೀವು ಬಂದರೆ ಅದನ್ನು ನಿಲ್ಲಿಸ್ತೀರಾ?

ಹೌದು ತಮ್ಮ, ನಾನು ಬಂದರೂ ನಿಲ್ಲಿಸಲ್ಲ. ವಲಸಿಗರನ್ನು ಅಂಕದ ಮೇಲೆ ಆರಿಸಿ ಪಿಆರ್‌ಗೆ (ಕಾಯಂ ವಾಸದ ಅನುಮತಿಗೆ) ಕರೆಯುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಫ್ರೆಂಚ್ ಬಲ್ಲವರಿಗೆ 2023ರಿಂದ ಬೇರೆಯೇ ಸುತ್ತು ನಡೆಯುತ್ತಿದೆ. ಸಾಮಾನ್ಯ ಸುತ್ತಿಗೆ 500 ದಾಟಿದ ಅಂಕ ಬೇಕಾಗಿದ್ದ ಕಾಲದಲ್ಲಿ, 2024ರ ಫೆಬ್ರವರಿ ಕೊನೆಯ ಫ್ರೆಂಚ್ ಸುತ್ತು 336ಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ಫ್ರೆಂಚ್ ಕ್ಲಾಸುಗಳಿಗೆ ಈಗ ಟೆಕ್ಕಿಗಳು ಸೇರುತ್ತಿರುವುದು ಪ್ಯಾರಿಸ್ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ನಾಲ್ಕರಲ್ಲೂ ಕೆನಡಾದ ಭಾಷಾ ಅಳತೆಯ 7ನೇ ಮಟ್ಟ ಬೇಕು, ಆರು ತಿಂಗಳಲ್ಲಿ ಆಗುತ್ತೆ ಅಂತ ಹೇಳುವ ಕೋಚಿಂಗ್‌ನವರನ್ನು ನಂಬಬೇಡ.

ನಾನು ಸೇರಿಸುವುದು ಎರಡು. ಒಂದು, ಹೀಗೆ ಬಂದವರು ಇಳಿದ ಊರಿನಲ್ಲಿ ಫ್ರೆಂಚ್ ಶಾಲೆ, ಫ್ರೆಂಚ್ ಕೆಲಸ ಸಿಗುವ ಹಾಗೆ ನೋಡಿಕೊಳ್ಳುವುದು. ಫ್ರೆಂಚಿನ ಹೆಸರಲ್ಲಿ ಕರೆಸಿ ಟೊರೊಂಟೊದಲ್ಲಿ ಇಳಿಸಿ ಕೈತೊಳೆದುಕೊಂಡರೆ ಎರಡು ವರ್ಷಕ್ಕೆ ಅವರ ಫ್ರೆಂಚೂ ತುಕ್ಕು ಹಿಡಿಯುತ್ತದೆ. ಎರಡು, ಪಶ್ಚಿಮ ಆಫ್ರಿಕಾದ ಫ್ರೆಂಚ್ ದೇಶಗಳ ವಿದ್ಯಾರ್ಥಿಗಳ ಅರ್ಜಿಗಳನ್ನು ಜಾಸ್ತಿ ತಳ್ಳಿಹಾಕುವ ಚಾಳಿ ನಿಲ್ಲಿಸುವುದು. ಫ್ರೆಂಚ್ ಶಿಕ್ಷಕರು ಸಾಲದು ಅಂತ ಒಂದು ಇಲಾಖೆ ಅಳುತ್ತದೆ, ಶಿಕ್ಷಕರಾಗಬಲ್ಲವರಿಗೆ ಇನ್ನೊಂದು ಇಲಾಖೆ ವೀಸಾ ಕೊಡಲ್ಲ.

ಇಂಗ್ಲಿಷ್ ಮಕ್ಕಳು ಫ್ರೆಂಚ್ ಕಲಿಯಲು ಏನು ಮಾಡ್ತೀರಿ?

1965ರಲ್ಲಿ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಕೆಲವು ಇಂಗ್ಲಿಷ್ ತಂದೆ ತಾಯಿ ಒತ್ತಾಯ ಮಾಡಿ ಒಂದು ತರಗತಿ ಶುರು ಮಾಡಿಸಿದರು. ಮನೆಮಾತು ಇಂಗ್ಲಿಷ್, ಆದರೆ ಪಾಠವೆಲ್ಲ ಫ್ರೆಂಚಿನಲ್ಲಿ. ಇವತ್ತು ದೇಶದ ತುಂಬ ಇದೆ. ನ್ಯೂ ಬ್ರನ್ಸ್‌ವಿಕ್ ಸರ್ಕಾರ ಇದನ್ನು ಬದಲಿಸಲು ಹೊರಟಾಗ ಜನ ಎಷ್ಟು ಗಲಾಟೆ ಮಾಡಿದರೆಂದರೆ 2023ರಲ್ಲಿ ಕೈಬಿಡಬೇಕಾಯಿತು. ಬೇಡಿಕೆ ಇದೆ, ಶಿಕ್ಷಕರಿಲ್ಲ. ನಾನು ಹೊಸ ಸೀಟು ಘೋಷಿಸುವುದಿಲ್ಲ, ಶಿಕ್ಷಕರ ಕಾಲೇಜಿಗೆ ಹಣ ಕೊಡುತ್ತೇನೆ. ಪೇಪರಿನಲ್ಲಿ ಫೋಟೊ ಬರುವ ಕೆಲಸ ಅಲ್ಲ ಇದು.

ಆದಿವಾಸಿ ಭಾಷೆಗಳ ಗತಿ? ಅವು ಈ ಎರಡಕ್ಕಿಂತ ಹಳೆಯವು.

ಕೆನಡಾದ ದ್ವಿಭಾಷಾ ನೀತಿಯ ದೊಡ್ಡ ತೂತು ಇದೇ. 2021ರಲ್ಲಿ ಇನುಯಿಟ್ ಸಮುದಾಯದ ಮೇರಿ ಸೈಮನ್ ಗವರ್ನರ್ ಜನರಲ್ ಆದರು. ಅವರಿಗೆ ತಮ್ಮ ಸಮುದಾಯದ ಇನುಕ್ಟಿಟುಟ್ ಭಾಷೆ ಬರುತ್ತದೆ, ಇಂಗ್ಲಿಷ್ ಬರುತ್ತದೆ. ಫ್ರೆಂಚ್ ಬರಲ್ಲ ಅಂತ ಭಾಷಾ ಆಯುಕ್ತರಿಗೆ ದೂರುಗಳ ರಾಶಿ ಬಿತ್ತು. ಅವರು ಹುಟ್ಟಿ ಬೆಳೆದದ್ದು ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲೇ. ಆದರೆ ಕೇಂದ್ರ ಸರ್ಕಾರ ನಡೆಸುತ್ತಿದ್ದ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಸಿಗಲಿಲ್ಲ ಅಂದರು ಅವರು. ಸರ್ಕಾರ ತಾನೇ ಕಲಿಸದೆ, ಬರಲ್ಲ ಅಂತ ಅವರನ್ನೇ ದೂರುವುದು ಹೇಗೆ?

ನುನಾವುಟ್‌ನಲ್ಲಿ ಇನುಯಿಟ್ ಭಾಷೆಗಳಿಗೆ ಅಧಿಕೃತ ಸ್ಥಾನ ಇದೆ. ವಾಯವ್ಯ ಪ್ರದೇಶದಲ್ಲಂತೂ 11 ಅಧಿಕೃತ ಭಾಷೆಗಳು. ಸಂಸತ್ತಿನಲ್ಲಿ 2019ರ ಜನವರಿಯಲ್ಲಿ ಮೊದಲ ಸಲ ಕ್ರೀ ಭಾಷೆಯ ಭಾಷಣಕ್ಕೆ ಅಲ್ಲೇ ಅನುವಾದ ಸಿಕ್ಕಿತು. ಅದೇ ವರ್ಷ ಆದಿವಾಸಿ ಭಾಷೆಗಳ ಕಾಯ್ದೆಯೂ ಬಂತು. ನನ್ನ ನಿಯಮ ಹೀಗೆ: ಒಂದು ಆದಿವಾಸಿ ಭಾಷೆ ಮತ್ತು ಎರಡರಲ್ಲಿ ಒಂದು ಅಧಿಕೃತ ಭಾಷೆ ಬರುವವರನ್ನು ಕೇಂದ್ರದ ನೌಕರಿಯಲ್ಲಿ "ಎರಡು ಭಾಷೆ ಬಲ್ಲವರು" ಅಂತಲೇ ಎಣಿಸಬೇಕು. ಉತ್ತರದ ಕಚೇರಿಗಳಲ್ಲಿ ಮೊದಲು. ಕೆಲವು ಫ್ರೆಂಚ್ ಸಂಘಟನೆಗಳಿಗೆ ಇದು ಇಷ್ಟವಾಗಲ್ಲ, ಗೊತ್ತಿದೆ.

ಇದಕ್ಕೆಲ್ಲ ಎಷ್ಟು ಖರ್ಚು?

2023ರಿಂದ 2028ರವರೆಗಿನ ಐದು ವರ್ಷಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಕ್ರಿಯಾ ಯೋಜನೆಯ ಮೊತ್ತ 410 ಕೋಟಿ ಡಾಲರ್. ನಾಲ್ಕು ಕೋಟಿ ಜನರ ದೇಶ. ತಲೆಗೆ ವರ್ಷಕ್ಕೆ ಸುಮಾರು 20 ಡಾಲರ್. ಕಚೇರಿಗಳ ದಿನನಿತ್ಯದ ಅನುವಾದ, ತರಬೇತಿ ಇದರ ಮೇಲೆ ಬೇರೆ. ಜಾಸ್ತಿಯಾಯಿತು ಅನ್ನುವವರಿಗೆ 1980 ಮತ್ತು 1995ರಲ್ಲಿ ಕ್ವಿಬೆಕ್ ಬೇರೆಯಾಗಬೇಕೇ ಅಂತ ಜನಮತ ನಡೆದದ್ದು ನೆನಪಿಸುತ್ತೇನೆ. ಎರಡನೇ ಸಲ ಶೇ 50.58 ಮತದಿಂದ ದೇಶ ಉಳಿಯಿತು.

ಬೇರೆ ಯಾವ ದೇಶವನ್ನು ನೋಡಿ ಕಲಿಯುತ್ತೀರಿ?

ಫಿನ್ಲೆಂಡ್‌ನ ಒಂದು ಲೆಕ್ಕ ಕದಿಯುತ್ತೇನೆ. ಅಲ್ಲಿ ಒಂದು ಪುರಸಭೆಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇ 8 ಇದ್ದರೆ, ಅಥವಾ 3,000 ಜನ ಇದ್ದರೆ, ಆ ಪುರಸಭೆ ಎರಡೂ ಭಾಷೆಯಲ್ಲಿ ನಡೆಯಬೇಕು. ಹತ್ತು ವರ್ಷಕ್ಕೊಮ್ಮೆ ಪರಿಶೀಲನೆ. ಒಮ್ಮೆ ಸಿಕ್ಕಿದ ಸ್ಥಾನ ಶೇ 8ಕ್ಕಿಂತ ಸ್ವಲ್ಪ ಕಮ್ಮಿಯಾದ ತಕ್ಷಣ ಹೋಗಲ್ಲ, ಶೇ 6ಕ್ಕಿಂತ ಕೆಳಗಿಳಿಯಬೇಕು. ಹತ್ತಲು ಒಂದು ಗೆರೆ, ಇಳಿಯಲು ಇನ್ನೊಂದು ಗೆರೆ. ಬಹಳ ಜಾಣತನದ ನಿಯಮ.

ಹೆದರಿಸುವ ಉದಾಹರಣೆ ಕ್ಯಾಮರೂನ್. ಕಾಗದದ ಮೇಲೆ ಇಂಗ್ಲಿಷ್, ಫ್ರೆಂಚ್ ಎರಡೂ ಸಮ. 2016ರಲ್ಲಿ ಇಂಗ್ಲಿಷ್ ಪ್ರದೇಶಗಳ ವಕೀಲರು ಮತ್ತು ಶಿಕ್ಷಕರು ಬೀದಿಗಿಳಿದರು. ತಮ್ಮ ಕೋರ್ಟಿಗೆ, ತಮ್ಮ ಶಾಲೆಗೆ ಫ್ರೆಂಚ್ ಮಾತ್ರ ಬರುವವರನ್ನು ಕಳಿಸುತ್ತಿದ್ದಾರೆ ಅನ್ನುವುದು ಅವರ ದೂರು. ಕೇಳಿದ್ದು ನ್ಯಾಯಾಧೀಶರನ್ನು, ಮೇಷ್ಟ್ರನ್ನು. ಸಿಕ್ಕಿದ್ದು ಲಾಠಿ. ಮಾರನೇ ವರ್ಷದೊಳಗೆ ಬಂದೂಕು ಬಂತು. ಪಕ್ಕದ ಶ್ರೀಲಂಕಾದಲ್ಲಿ 1956ರ ಸಿಂಹಳ ಮಾತ್ರ ಕಾನೂನಿನ ನಂತರ ಏನಾಯಿತು ಅನ್ನುವುದು ನಮಗೆಲ್ಲ ಗೊತ್ತಿರುವ ಕತೆಯೇ. ತಮಿಳಿಗೂ ಅಧಿಕೃತ ಸ್ಥಾನ ಸಿಕ್ಕಿದ್ದು 1987ರಲ್ಲಿ, ಯುದ್ಧದ ನಡುವೆ.

ಇದನ್ನೆಲ್ಲ ಕರ್ನಾಟಕಕ್ಕೆ ತರಬಹುದಾ?

ಪೂರ್ತಿ ತರಲಾಗದು, ಭಾರತ ಎರಡು ಭಾಷೆಯ ದೇಶವಲ್ಲ. ಆದರೆ ಹುದ್ದೆಗೆ ಭಾಷೆ ಅನ್ನುವ ನಿಯಮ ನಾಳೆಯೇ ತರಬಹುದು. ಬ್ಯಾಂಕಿನ ಕೌಂಟರ್‌ನಲ್ಲಿ ಕನ್ನಡ ಮಾತಾಡಲಿಲ್ಲ ಅಂತ ವಿಡಿಯೊ ಬರುತ್ತದೆ, ಎರಡು ದಿನ ಜಗಳ, ಕೊನೆಗೆ ಆ ನೌಕರನ ವರ್ಗಾವಣೆ. ಅವನ ಜಾಗಕ್ಕೆ ಇನ್ನೊಬ್ಬ ಅಂಥವನೇ ಬರುತ್ತಾನೆ. ಜನರ ಎದುರು ಕೂರುವ ಹುದ್ದೆಗೆ ಕನ್ನಡದ ಇಂಥ ಮಟ್ಟ ಬೇಕು, ಒಳಗಿನ ಲೆಕ್ಕಪತ್ರದ ಹುದ್ದೆಗೆ ಬೇಡ ಅಂತ ಬರೆದಿಟ್ಟರೆ ಮನುಷ್ಯನ ಮೇಲೆ ಕೂಗಾಡುವ ಕೆಲಸವೇ ಇರಲ್ಲ.

ಇನ್ನೊಂದು, ನಮ್ಮ ಸಂವಿಧಾನದ 350ಬಿ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಇದ್ದಾರೆ. ವರದಿ ಕೊಡುತ್ತಾರೆ, ಅಷ್ಟೇ. ಕೆನಡಾದ ಭಾಷಾ ಆಯುಕ್ತರೂ ಬಹುಕಾಲ ಹಾಗೇ ಇದ್ದರು. 2023ರ ಕಾಯ್ದೆ ಅವರಿಗೆ ಆದೇಶ ಹೊರಡಿಸುವ ಅಧಿಕಾರ ಕೊಟ್ಟಿತು. ಕಾಸರಗೋಡಿನ ಕನ್ನಡ ಶಾಲೆಯವರಿಗೆ, ಬೆಳಗಾವಿಯ ಮರಾಠಿಯವರಿಗೆ, ಇಬ್ಬರಿಗೂ ಅಂಥ ಒಬ್ಬರು ಬೇಕು. ಒಬ್ಬರಿಗೆ ಮಾತ್ರ ಬೇಕು ಅನ್ನುವವರ ಜೊತೆ ನಾನು ವಾದ ಮಾಡಲ್ಲ.

ಈ ಭರವಸೆಗಳಲ್ಲಿ ಮೊದಲು ಮುರಿಯುವುದು ಯಾವುದು?

ಇಲ್ಲಿಯ ತನಕ ಹೇಳದೇ ಉಳಿಸಿಕೊಂಡಿದ್ದು. ಎರಡು ಭಾಷೆಯ ಹುದ್ದೆಯಲ್ಲಿರುವ ಕೇಂದ್ರ ನೌಕರರಿಗೆ ವರ್ಷಕ್ಕೆ 800 ಡಾಲರ್ ಭತ್ಯೆ ಇದೆ. 1970ರ ದಶಕದಲ್ಲಿ ಶುರುವಾದದ್ದು, ಒಂದು ಡಾಲರೂ ಏರಿಲ್ಲ. ಅವತ್ತು ಅದು ಒಂದು ಮೊತ್ತ, ಇವತ್ತು ತೆರಿಗೆ ಕಳೆದು ಕೈಗೆ ಬಂದದ್ದರಲ್ಲಿ ದಿನಕ್ಕೊಂದು ಕಾಫಿಯೂ ಬರಲ್ಲ. ಯಾರೂ ಅದಕ್ಕಾಗಿ ಫ್ರೆಂಚ್ ಕಲಿಯುತ್ತಿಲ್ಲ. ಅದನ್ನು ನಿಲ್ಲಿಸಿ, ಆ ಹಣದಲ್ಲಿ ಕೆಲಸದ ವೇಳೆಯಲ್ಲೇ ಭಾಷಾ ತರಗತಿ ನಡೆಸಬೇಕು ಅನ್ನುವುದು ನನ್ನ ಯೋಜನೆ. ನೌಕರರ ಸಂಘಗಳು ಬಿಡುವುದಿಲ್ಲ, ನಿಲ್ಲಿಸುವ ಬದಲು ಏರಿಸಿ ಅನ್ನುತ್ತಾರೆ. ಹಿಂದೆ ಇದರ ಮಾತೆತ್ತಿದವರೆಲ್ಲ ಮೆಲ್ಲಗೆ ಕಡತ ಮುಚ್ಚಿದ್ದಾರೆ. ಬಹುಶಃ ನಾನೂ ಸಹಿ ಹಾಕಿ 800ನ್ನು ಹಾಗೇ ಬಿಡುತ್ತೇನೆ, ತರಗತಿಗೆ ಬೇರೆ ಕಡೆಯಿಂದ ದುಡ್ಡು ಹುಡುಕುತ್ತೇನೆ.